ವಿದ್ಯುತ್ತಿನ ನೀರುಗಂಟಿ

ಕೆರೆಯನ್ನು ಕಟ್ಟಿಸಿದ ದಾನಿಯ ಹೆಸರು ಶಾಸನದ ಕಲ್ಲಿನಲ್ಲಿ ಉಳಿಯುತ್ತದೆ. ಆ ಕೆರೆಯ ತೂಬನ್ನು ಕಾಲಕಾಲಕ್ಕೆ ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ನೀರು ಎಂಬುದನ್ನು ನೋಡಿಕೊಂಡ ನೀರುಗಂಟಿಯ ಹೆಸರು ಸಾಮಾನ್ಯವಾಗಿ ಉಳಿಯುವುದಿಲ್ಲ. ಆದರೂ ನೀರುಗಂಟಿಯು ಎಚ್ಚರ ತಪ್ಪಿದರೆ ತುಂಬಿದ ಕೆರೆಯೂ ಬರಿದಾಗುವುದು, ಕೊನೆಯ ಗದ್ದೆ ಒಣಗುವುದು. ಹಳೆಯ ಮೈಸೂರು ಸೀಮೆಯ ಒಕ್ಕಲು ಮನೆತನಗಳಿಂದ ಬಂದ ನಮ್ಮ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ವಿದ್ಯುತ್ತಿಗೂ ಇಂತಹ ಒಬ್ಬ ನೀರುಗಂಟಿ ಬೇಕಾಗಿದ್ದನು. ಒಂದು ಚಿಕ್ಕ ಸಿಲಿಕಾನ್ ಬಿಲ್ಲೆಯಲ್ಲಿ ಅಂತಹ ನೀರುಗಂಟಿಯನ್ನು ರೂಪಿಸಿ ಲೋಕಕ್ಕೆ ಒಪ್ಪಿಸಿದವರು ಬೆಂಗಳೂರಿನಲ್ಲಿ ಬೆಳೆದ ಬಂಟ್ವಾಳ ಜಯಂತ ಬಾಳಿಗಾ ಅವರು. ಬೆಳಕಿನ ವಿಜ್ಞಾನದ ಹೊಸ್ತಿಲವರೆಗೆ ಹೋಗಿ, ಅಲ್ಲಿ ಬಾಗಿಲು ತೆರೆಯದೆ, ಬೇರೊಂದು ದಾರಿ ಹಿಡಿದು ನಡೆದ ಅವರ ಜೀವನವು ಮಕ್ಕಳನ್ನು ಓದಿಸುತ್ತಿರುವ ಪ್ರತಿಯೊಂದು ಮನೆಯೂ ತಿಳಿದುಕೊಳ್ಳಬೇಕಾದ ವೃತ್ತಾಂತವಾಗಿದೆ.

ಮೊದಲಿಗೆ ನಮ್ಮ ಊರಿನ ಬೆಳಕಿನ ಮಾತನ್ನು ಆಡೋಣ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜಿತವಾದ ಶಿವನಸಮುದ್ರದ ವಿದ್ಯುದಾಗಾರವು ೧೯೦೨ರಲ್ಲಿ ಕೆಲಸವನ್ನಾರಂಭಿಸಿತು. ಕಾವೇರಿಯ ಧುಮುಕಿನಿಂದ ಹುಟ್ಟಿದ ಆ ವಿದ್ಯುತ್ತು ಸುಮಾರು ೧೪೭ ಕಿಲೋಮೀಟರು ದೂರ ತಂತಿಯ ಮೇಲೆ ಸಾಗಿ ಮೊದಲು ತಲುಪಿದುದು ಕೋಲಾರದ ಚಿನ್ನದ ಗಣಿಗಳನ್ನು. ೧೯೦೫ರ ಆಗಸ್ಟ್ ತಿಂಗಳಲ್ಲಿ ಅದೇ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳು ಆಗಿನ್ನೂ ಹೊಸ ಬಡಾವಣೆಗಳು. ಅಂದಿನ ದೀಪಗಳಾದರೋ ತಂತಿಯನ್ನು ಕೆಂಪಗೆ ಕಾಯಿಸಿ ಬೆಳಕನ್ನು ಪಡೆಯುವ ಬಗೆಯವು. ಅಂತಹ ಬಲ್ಬಿಗೆ ನೂರು ಪಾಲು ವಿದ್ಯುತ್ತನ್ನು ಕೊಟ್ಟರೆ ನಮ್ಮ ಕಣ್ಣಿಗೆ ಬೆಳಕಾಗಿ ದೊರೆಯುವುದು ಸುಮಾರು ಐದು ಪಾಲು. ಉಳಿದುದೆಲ್ಲವೂ ಬಿಸಿಯಾಗಿ ವ್ಯಯವಾಗುವುದು. ಮೂರು ತಲೆಮಾರುಗಳ ಕಾಲ ನಾವು ಈ ನಷ್ಟವನ್ನು ನಷ್ಟವೆಂದೇ ಅರಿಯದೆ ಬಾಳಿದೆವು.

ಈ ನಷ್ಟಕ್ಕೆ ಪರಿಹಾರವು ಹುಟ್ಟಿದುದು ಅರೆವಾಹಕಗಳಿಂದ. ತಾಮ್ರದಂತೆ ವಿದ್ಯುತ್ತನ್ನು ಧಾರಾಳವಾಗಿ ಹರಿಯಬಿಡದೆ, ಗಾಜಿನಂತೆ ಪೂರ್ತಿಯಾಗಿ ತಡೆಯದೆ, ನಡುವಣ ಸ್ವಭಾವವನ್ನು ತಾಳಿರುವ ಜರ್ಮೇನಿಯಂ, ಸಿಲಿಕಾನ್, ಗ್ಯಾಲಿಯಂ ಆರ್ಸೆನೈಡ್ ಮೊದಲಾದ ಪದಾರ್ಥಗಳಿಗೆ ಅರೆವಾಹಕಗಳೆಂದು ಹೆಸರು. ೧೯೬೨ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ನಿಕ್ ಹೊಲೊನ್ಯಾಕ್ ಎಂಬ ವಿಜ್ಞಾನಿ ಗ್ಯಾಲಿಯಂ ಆರ್ಸೆನೈಡಿಗೆ ರಂಜಕವನ್ನು ಬೆರೆಸಿದ ಹರಳಿನಿಂದ ಕಣ್ಣಿಗೆ ಕಾಣುವ ಕೆಂಪು ಬೆಳಕನ್ನು ಹೊರಡಿಸಿದರು. ಇಂದು ನಾವು ಎಲ್‌ಇಡಿ ಎಂದು ಕರೆಯುವ ದೀಪಕುಲಕ್ಕೆ ಆ ಕೆಂಪು ಕಿಡಿಯೇ ಹಿರಿಯಣ್ಣ. ಈ ಹೊಲೊನ್ಯಾಕ್ ಅವರು ಕಲ್ಲಿದ್ದಲಿನ ಗಣಿಯಲ್ಲಿ ದುಡಿದ ವಲಸೆಗಾರನೊಬ್ಬನ ಮಗ. ನೀಲಿ ಬೆಳಕಿಗಾಗಿ ಲೋಕವು ಇನ್ನೂ ಮೂವತ್ತು ವರ್ಷ ಕಾಯಬೇಕಾಯಿತು. ಜಪಾನಿನ ಅಕಾಸಾಕಿ, ಅಮಾನೊ ಮತ್ತು ನಕಾಮುರಾ ಅವರು ಗ್ಯಾಲಿಯಂ ನೈಟ್ರೈಡ್ ಎಂಬ ಹರಳಿನಿಂದ ಅದನ್ನು ಸಾಧಿಸಿದ ಮೇಲೆ ಬಿಳಿಯ ಬೆಳಕು ಸಾಧ್ಯವಾಯಿತು. ೨೦೧೪ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಸಂದಿತು.

ಹೊಲೊನ್ಯಾಕ್ ಅವರ ಕೆಂಪು ಕಿಡಿ ಹೊತ್ತಿದ ಅದೇ ೧೯೬೨ರಲ್ಲಿ, ಬೆಂಗಳೂರಿನ ಉತ್ತರದ ಅಂಚಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು ಜರ್ಮೇನಿಯಂ ಅರೆವಾಹಕಗಳ ತಯಾರಿಕೆಯನ್ನು ಆರಂಭಿಸಿತು. ೧೯೫೪ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆಯ ನೆರಳಿನಲ್ಲಿಯೇ ಬೆಳೆಯುತ್ತಿದ್ದ ಹದಿನಾಲ್ಕು ವರ್ಷದ ಬಾಲಕರು ಜಯಂತ ಬಾಳಿಗಾ. ಅವರು ಜನಿಸಿದುದು ೧೯೪೮ರ ಏಪ್ರಿಲ್ ೨೮ರಂದು, ಮದರಾಸಿನಲ್ಲಿ. ಮನೆತನದ ಹೆಸರಿನಲ್ಲಿರುವ ಬಂಟ್ವಾಳವು ನೇತ್ರಾವತಿಯ ದಂಡೆಯ ಊರು. ತಂದೆ ವಿಠಲ ಮಂಜುನಾಥ ಬಾಳಿಗಾ ಅವರು ಸ್ವಾತಂತ್ರ್ಯಪೂರ್ವದಲ್ಲಿಯೇ ವಿದ್ಯುತ್ ಎಂಜಿನಿಯರಾಗಿ ಹೆಸರಾದವರು. ರೇಡಿಯೋ ಎಂಜಿನಿಯರುಗಳ ಸಂಸ್ಥೆಗೆ ನಮ್ಮ ದೇಶದಲ್ಲಿ ಮೊದಲ ಅಧ್ಯಕ್ಷರಾಗಿದ್ದವರು. ಜಯಂತರ ಶಾಲಾ ವಿದ್ಯಾಭ್ಯಾಸವು ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ನಡೆಯಿತು. ಅಲ್ಲಿಂದ ಮದರಾಸಿನ ಐಐಟಿಗೆ ಹೋಗಿ ೧೯೬೯ರಲ್ಲಿ ಪದವಿಯನ್ನು ಪಡೆದು, ಉನ್ನತ ವ್ಯಾಸಂಗಕ್ಕಾಗಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಟ್ರಾಯ್ ನಗರದಲ್ಲಿರುವ ರೆನ್ಸೆಲರ್ ಸಂಸ್ಥೆಯನ್ನು ಸೇರಿದರು.

ಅಲ್ಲಿ ಭಾರತೀಯ ಮೂಲದ ಪ್ರಾಧ್ಯಾಪಕ ಸೊರಾಬ್ ಘಾಂಧಿ ಅವರ ಮಾರ್ಗದರ್ಶನದಲ್ಲಿ ಬಾಳಿಗಾ ಅವರು ಕೈಗೊಂಡ ಸಂಶೋಧನೆಯು ನಮ್ಮ ಬೆಳಕಿನ ವಿಷಯಕ್ಕೆ ಅತ್ಯಂತ ಸಮೀಪವಾದುದು. ಗ್ಯಾಲಿಯಂ ಆರ್ಸೆನೈಡಿನ ತೆಳುವಾದ ಹರಳಿನ ಪದರಗಳನ್ನು ಅನಿಲರೂಪದ ಲೋಹಸಂಯುಕ್ತಗಳಿಂದ ಬೆಳೆಸುವ ವಿಧಾನವು ಅವರ ಪ್ರಬಂಧದ ವಸು. ಬೆಳಗಿನ ಜಾವ ಎಲೆಯ ಮೇಲೆ ಮಂಜು ಕೂರುವಂತೆ, ಕಾದ ಬಿಲ್ಲೆಯ ಮೇಲೆ ಅನಿಲದೊಳಗಣ ಪರಮಾಣುಗಳು ಸಾಲುತಪ್ಪದೆ ಬಂದು ಕೂರಬೇಕು. ಒಂದು ಪದರದ ಮೇಲೆ ಮತ್ತೊಂದು ಪದರವು ಹರಳಿನ ಕ್ರಮವನ್ನು ಕೆಡಿಸದೆ ಏರಬೇಕು. ಮುಂದೆ ನಕಾಮುರಾ ಮೊದಲಾದವರು ನೀಲಿ ಬೆಳಕಿನ ಹರಳನ್ನು ಬೆಳೆಸಿದುದು ಇದೇ ಜಾತಿಯ ವಿಧಾನದಿಂದ. ಇಂದಿನ ಎಲ್‌ಇಡಿ ದೀಪಗಳ ಹರಳುಗಳು ತಯಾರಾಗುತ್ತಿರುವುದೂ ಇದರಿಂದಲೇ. ಆ ವಿದ್ಯೆಯು ಇನ್ನೂ ತೊಟ್ಟಿಲಲ್ಲಿದ್ದಾಗ ಅದನ್ನು ಕೈಯಾರೆ ನಡೆಸಿದವರಲ್ಲಿ ಬಾಳಿಗಾ ಅವರೂ ಒಬ್ಬರು. ೧೯೭೪ರಲ್ಲಿ ಅವರಿಗೆ ಡಾಕ್ಟರೇಟ್ ಪದವಿ ದೊರೆಯಿತು.

ಸಹಜವಾಗಿಯೇ ಅವರು ಇದೇ ಕ್ಷೇತ್ರದಲ್ಲಿ ಮುಂದುವರಿಯಲು ಬಯಸಿದರು. ಆದರೆ ಅಂತಹ ಸಂಶೋಧನೆ ನಡೆಯುತ್ತಿದ್ದ ಹೆಸರಾಂತ ಪ್ರಯೋಗಾಲಯಗಳು ಗ್ರೀನ್ ಕಾರ್ಡ್ ಇಲ್ಲದ ಪರದೇಶದ ವಿದ್ಯಾರ್ಥಿಯನ್ನು ಸಂದರ್ಶನಕ್ಕೂ ಕರೆಯಲಿಲ್ಲ. ಯೋಗ್ಯತೆಯನ್ನು ಪರೀಕ್ಷಿಸಿ ಬೇಡವೆಂದುದಲ್ಲ. ಪರೀಕ್ಷಿಸುವ ಮಾತೇ ಇರಲಿಲ್ಲ. ಐದು ವರ್ಷ ಶ್ರಮಪಟ್ಟು ಕಲಿತ ವಿದ್ಯೆಗೆ ಕೆಲಸವಿಲ್ಲವೆಂದಾಗ ಪರದೇಶದಲ್ಲಿರುವ ಯುವಕನ ಮನಸ್ಸು ಎಷ್ಟು ಕುಗ್ಗೀತು! ಕೊನೆಗೆ ಅವಕಾಶ ದೊರೆತುದು ಸ್ಕೆನೆಕ್ಟಡಿಯಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸಂಶೋಧನಾಲಯದಲ್ಲಿ. ಆದರೆ ಅಲ್ಲಿಯ ಕೆಲಸ ಬೆಳಕಿನದಲ್ಲ, ಭಾರಿ ವಿದ್ಯುತ್ತನ್ನು ನಿಯಂತ್ರಿಸುವ ಸಾಧನಗಳದು. ಅಂದಿನ ವಿದ್ವಾಂಸರ ದೃಷ್ಟಿಯಲ್ಲಿ ಅದು ಆಕರ್ಷಣೆಯಿಲ್ಲದ ಕ್ಷೇತ್ರ. ಕಂಪ್ಯೂಟರಿನ ಬಿಲ್ಲೆಗಳು, ಬೆಳಕಿನ ಹರಳುಗಳು ಎಂದರೆ ಎಲ್ಲರಿಗೂ ಉತ್ಸಾಹ. ಮೋಟಾರು, ಪಂಪು, ಕುಲುಮೆಗಳಿಗೆ ವಿದ್ಯುತ್ತನ್ನು ಅಳೆದು ಕೊಡುವ ಕೆಲಸವೆಂದರೆ ಕಂಡುಹಿಡಿಯಬೇಕಾದುದನ್ನೆಲ್ಲ ಕಂಡುಹಿಡಿದು ಮುಗಿಸಿದ ಕೆಲಸವೆಂಬ ಭಾವನೆ.

ಆ ಕ್ಷೇತ್ರದ ಅಂದಿನ ಸ್ಥಿತಿಯನ್ನು ತೂಬಿನ ದೃಷ್ಟಾಂತದಿಂದಲೇ ತಿಳಿಯಬಹುದು. ಆಗ ಬಳಕೆಯಲ್ಲಿದ್ದ ಸಾಧನಗಳು ಮುಖ್ಯವಾಗಿ ಮೂರು. ಥೈರಿಸ್ಟರ್ ಎಂಬುದು ಒಮ್ಮೆ ಎತ್ತಿದರೆ ಕಾಲುವೆಯ ನೀರು ತಾನಾಗಿ ನಿಲ್ಲುವವರೆಗೂ ಇಳಿಸಲು ಬಾರದ ತೂಬು; ಭಾರಿ ಪ್ರವಾಹವನ್ನು ತಾಳುವುದು, ಆದರೆ ಹೇಳಿದಾಗ ಮುಚ್ಚುವುದಿಲ್ಲ. ಬೈಪೋಲಾರ್ ಟ್ರಾನ್ಸಿಸ್ಟರ್ ಎಂಬುದು ತೆರೆಯಲೂ ಮುಚ್ಚಲೂ ಬರುವ ತೂಬು, ಆದರೆ ತೆರೆದಿಡಲು ಒಬ್ಬ ಬಲಶಾಲಿಯು ಅದನ್ನು ಸದಾ ಎತ್ತಿ ಹಿಡಿದೇ ಇರಬೇಕು. ಎಂದರೆ ನಿಯಂತ್ರಣಕ್ಕೇ ಬಹಳ ವಿದ್ಯುತ್ತು ಖರ್ಚಾಗುವುದು. ಮೂರನೆಯದಾದ ಮಾಸ್‌ಫೆಟ್ ಎಂಬುದನ್ನು ಹಸುಗೂಸಿನ ಬೆರಳೂ ಎತ್ತಬಲ್ಲುದು, ಆದರೆ ಅದರ ಗಂಡಿ ಇಕ್ಕಟ್ಟು. ವೋಲ್ಟೇಜು ಏರಿದಂತೆಲ್ಲ ಪ್ರವಾಹಕ್ಕೆ ಅಡ್ಡಿ ಹೆಚ್ಚಿ ಬಿಲ್ಲೆಯು ಕಾಯುತ್ತದೆ. ಹಗುರವಾಗಿ ತೆರೆಯಬೇಕು, ಹೇಳಿದೊಡನೆ ಮುಚ್ಚಬೇಕು, ಭಾರಿ ಪ್ರವಾಹವನ್ನು ತಾಳಬೇಕು — ಈ ಮೂರೂ ಗುಣಗಳು ಒಂದೆಡೆ ಸೇರಿದ ತೂಬು ಇರಲಿಲ್ಲ.

ಅದಿಲ್ಲದ ಕೊರತೆಯಿಂದ ಆಗುತ್ತಿದ್ದ ವ್ಯಯವು ಅಪಾರ. ಲೋಕದಲ್ಲಿ ಬಳಕೆಯಾಗುವ ವಿದ್ಯುತ್ತಿನಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟನ್ನು ಮೋಟಾರುಗಳು ಬಳಸುತ್ತವೆ. ಮೋಟಾರಿನ ವೇಗವನ್ನು ಅಗತ್ಯಕ್ಕೆ ತಕ್ಕಂತೆ ತಗ್ಗಿಸುವ ಸುಲಭೋಪಾಯವಿಲ್ಲದ ಕಾರಣ ಪಂಪು ಪೂರ್ಣ ವೇಗದಲ್ಲಿಯೇ ಓಡಬೇಕು, ನೀರು ಹೆಚ್ಚಾದರೆ ನಲ್ಲಿಯನ್ನು ಬಿಗಿಮಾಡಬೇಕು. ಇದು ಬಂಡಿಯ ಎತ್ತುಗಳನ್ನು ಬಾರುಕೋಲಿನಿಂದ ಅಟ್ಟುತ್ತಲೇ ಚಕ್ರಕ್ಕೆ ಅಡ್ಡಗೋಲು ಹಾಕಿದಂತೆ. ಬಾಳಿಗಾ ಅವರ ಕಂಪನಿಗೂ ಹವಾನಿಯಂತ್ರಕಗಳ ಮೋಟಾರಿನ ವೇಗವನ್ನು ಬದಲಿಸಬಲ್ಲ ಅಗ್ಗದ ಸಾಧನವೊಂದು ಬೇಕಾಗಿದ್ದಿತು. ಈ ಅಗತ್ಯವನ್ನು ಮುಂದಿಟ್ಟುಕೊಂಡು ೧೯೮೦ರಲ್ಲಿ ಅವರು ಹೊಸ ಸಾಧನದ ರೂಪರೇಷೆಯನ್ನು ಕಂಪನಿಗೆ ಬರೆದು ಒಪ್ಪಿಸಿದರು. ಮಾಸ್‌ಫೆಟ್‌ನ ಹಗುರವಾದ ಬಾಗಿಲು, ಬೈಪೋಲಾರ್ ಬಗೆಯ ಸಮೃದ್ಧ ಪ್ರವಾಹ — ಇವೆರಡನ್ನೂ ಒಂದೇ ಹರಳಿನ ಒಡಲಲ್ಲಿ ಕೂಡಿಸಿದುದೇ ಅದರ ಮರ್ಮ. ಇದಕ್ಕೆ ಇನ್ಸುಲೇಟೆಡ್ ಗೇಟ್ ಬೈಪೋಲಾರ್ ಟ್ರಾನ್ಸಿಸ್ಟರ್, ಸಂಕ್ಷಿಪ್ತವಾಗಿ ಐಜಿಬಿಟಿ ಎಂಬ ಹೆಸರು ಮುಂದೆ ರೂಢಿಗೆ ಬಂದಿತು.

ಆದರೆ ಕಾಗದದ ಮೇಲಣ ರೂಪವು ಕೈಗೆ ಬರಲು ಎರಡು ದೊಡ್ಡ ತೊಡಕುಗಳಿದ್ದವು. ಹರಳಿನ ಒಳಗಣ ಪದರಗಳ ಜೋಡಣೆಯು ಥೈರಿಸ್ಟರನ್ನೇ ಹೋಲುತ್ತಿದ್ದುದರಿಂದ, ಪ್ರವಾಹವು ಮಿತಿಮೀರಿದರೆ ತೂಬು ಸಿಕ್ಕಿಕೊಂಡು ಮುಚ್ಚಲು ಬಾರದೆ ಸುಟ್ಟುಹೋಗುವ ಭಯ ಮೊದಲನೆಯದು. ಪದರಗಳ ವಿನ್ಯಾಸವನ್ನು ಸೂಕ್ಷ್ಮವಾಗಿ ತಿದ್ದಿ ಇದನ್ನು ತಡೆದುದಾಯಿತು. ಮುಚ್ಚುವಾಗಿನ ನಿಧಾನಗತಿ ಎರಡನೆಯದು. ವೇಗವನ್ನು ಹೆಚ್ಚಿಸಲು ಹರಳಿನ ಮೇಲೆ ಎಲೆಕ್ಟ್ರಾನುಗಳ ಕಿರಣವನ್ನು ಹಾಯಿಸುವ ಉಪಾಯವಿದ್ದಿತು. ಆದರೆ ಆ ಕಿರಣವು ಹರಳಿನ ಮೇಲಣ ನಾಜೂಕಾದ ಗೇಟಿನ ಪದರವನ್ನು ಕೆಡಿಸುವುದೆಂಬ ಕಾರಣದಿಂದ ಯಾರೂ ಅದಕ್ಕೆ ಕೈಹಾಕುತ್ತಿರಲಿಲ್ಲ. ಕಿರಣ ಹಾಯಿಸಿದ ಮೇಲೆ ಬಿಲ್ಲೆಯನ್ನು ಮಿತವಾದ ಶಾಖದಲ್ಲಿ ಹದವಾಗಿ ಕಾಯಿಸಿದರೆ ಗೇಟಿನ ಗಾಯವು ಮಾಯುವುದು, ಒಡಲಿನಲ್ಲಿ ಉಂಟಾದ ವೇಗದ ಗುಣವು ಮಾತ್ರ ಉಳಿಯುವುದು ಎಂಬುದನ್ನು ಬಾಳಿಗಾ ಅವರು ತೋರಿಸಿಕೊಟ್ಟರು. ಹರಳನ್ನು ಬೆಳೆಸಿ ಅದರ ಸ್ವಭಾವವನ್ನು ಬಲ್ಲವರಿಗೆ ಹೊಳೆಯುವ ಉಪಾಯವಿದು. ಕೆಲಸಕ್ಕೆ ಬಾರದೆಂದುಕೊಂಡ ವಿದ್ಯೆಯು ಹೀಗೆ ಬೇರೊಂದು ರೂಪದಲ್ಲಿ ಅವರ ಕೈಹಿಡಿಯಿತು.

ಕಂಪನಿಯ ಅಧ್ಯಕ್ಷರಾಗಿದ್ದ ಜಾಕ್ ವೆಲ್ಚ್ ಅವರ ಬೆಂಬಲವು ದೊರೆತುದರಿಂದ ಕೆಲಸವು ಶೀಘ್ರವಾಗಿ ನಡೆಯಿತು. ಮೊದಲೇ ಇದ್ದ ಉತ್ಪಾದನಾ ವ್ಯವಸ್ಥೆಯಲ್ಲಿಯೇ ತಯಾರಿಸಬಹುದಾದಂತೆ ಅವರು ವಿನ್ಯಾಸವನ್ನು ರಚಿಸಿದ್ದರು. ೧೯೮೨ರ ಡಿಸೆಂಬರಿನಲ್ಲಿ ವಿದ್ವತ್ ಸಮ್ಮೇಳನದ ಮುಂದೆ ಸಾಧನದ ವಿವರಗಳು ಮಂಡಿತವಾದವು. ೧೯೮೩ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ಇಂತಹ ಸಾಧನೆಗಳಲ್ಲಿ ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟುವುದು ಸತ್ಯಕ್ಕೆ ಸಲ್ಲದು. ಆರ್‌ಸಿಎ ಕಂಪನಿಯ ಬೆಕೆ ಮತ್ತು ವೀಟ್ಲಿ ಎಂಬುವರು ಇದೇ ಬಗೆಯ ಸಾಧನಕ್ಕೆ ೧೯೮೨ರಲ್ಲಿ ಪೇಟೆಂಟ್ ಪಡೆದರು. ಜಪಾನಿನ ತೋಷಿಬಾ ಕಂಪನಿಯ ನಕಾಗಾವಾ ಅವರು ೧೯೮೪ರಲ್ಲಿ ಸಿಕ್ಕಿಕೊಳ್ಳುವ ದೋಷವನ್ನು ಪೂರ್ತಿಯಾಗಿ ನಿವಾರಿಸಿದ ವಿನ್ಯಾಸವನ್ನು ಪ್ರಕಟಿಸಿದರು. ತೇರನ್ನು ಎಳೆದವರು ಹಲವರು. ಅದರ ಗುಣವನ್ನು ಮೊದಲೇ ಮನಗಂಡು, ಕಾರ್ಖಾನೆಯಿಂದ ಹೊರಡಿಸಿ, ಬಳಕೆಗಳ ದಾರಿಯನ್ನು ತೋರಿದವರೆಂಬ ಮನ್ನಣೆಯು ಬಾಳಿಗಾ ಅವರಿಗೆ ಸಂದಿದೆ.

೧೯೮೮ರಲ್ಲಿ ಅವರು ಕಂಪನಿಯನ್ನು ಬಿಟ್ಟು ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ೧೯೯೧ರಲ್ಲಿ ಅಲ್ಲಿ ವಿದ್ಯುತ್ ಅರೆವಾಹಕಗಳ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಇಷ್ಟರಲ್ಲಿ ಅವರು ಮತ್ತೊಂದು ಮಹತ್ವದ ಲೆಕ್ಕಾಚಾರವನ್ನೂ ಮಾಡಿದ್ದರು. ಯಾವ ಪದಾರ್ಥದ ಹರಳಿನಿಂದ ತೂಬನ್ನು ಮಾಡಿದರೆ ಅತ್ಯಂತ ಕಡಿಮೆ ನಷ್ಟವಾಗುವುದು ಎಂಬುದನ್ನು ಅಳೆಯುವ ಸೂತ್ರವದು. ವಿಜ್ಞಾನ ಗ್ರಂಥಗಳಲ್ಲಿ ಅದಕ್ಕೆ ಬಾಳಿಗಾ ಅವರ ಹೆಸರೇ ನಿಂತಿದೆ. ಸಿಲಿಕಾನಿಗಿಂತ ಸಿಲಿಕಾನ್ ಕಾರ್ಬೈಡ್ ಮೊದಲಾದ ಪದಾರ್ಥಗಳು ಎಷ್ಟೋ ಪಾಲು ಮೇಲೆಂದು ಆ ಸೂತ್ರವು ಸಾರಿತು. ಇಂದು ವಿದ್ಯುತ್ ವಾಹನಗಳಲ್ಲಿ ಸಿಲಿಕಾನ್ ಕಾರ್ಬೈಡ್ ಬಿಲ್ಲೆಗಳು ಬಳಕೆಗೆ ಬಂದಿವೆ. ಮೊಬೈಲ್ ಫೋನಿನ ಪುಟ್ಟ ಚಾರ್ಜರುಗಳಲ್ಲಿ ಗ್ಯಾಲಿಯಂ ನೈಟ್ರೈಡ್ ಬಂದಿದೆ. ನೀಲಿ ಬೆಳಕನ್ನು ಕೊಟ್ಟ ಹರಳೂ ಇದೇ ಗ್ಯಾಲಿಯಂ ನೈಟ್ರೈಡ್ ಎಂಬುದನ್ನು ಓದುಗರು ನೆನಪಿಗೆ ತಂದುಕೊಳ್ಳಬೇಕು. ಬೆಳಕಿನ ವಿದ್ಯೆ, ವಿದ್ಯುತ್ತಿನ ವಿದ್ಯೆ ಎಂದು ೧೯೭೪ರಲ್ಲಿ ಬೇರೆ ಬೇರೆಯಾಗಿ ತೋರಿದ ಎರಡು ಹೊಳೆಗಳು ಈಗ ಒಂದೇ ಹರಳಿನಲ್ಲಿ ಸಂಗಮಿಸಿವೆ.

ಐಜಿಬಿಟಿ ಎಂಬ ಹೆಸರನ್ನು ಕೇಳದವರೂ ಅದರ ಸೇವೆಯನ್ನು ದಿನವೂ ಪಡೆಯುತ್ತಿದ್ದಾರೆ. ಅಡುಗೆಮನೆಯ ಇಂಡಕ್ಷನ್ ಒಲೆಯಲ್ಲಿ ಸುರುಳಿಗೆ ವಿದ್ಯುತ್ತನ್ನು ಕ್ಷಣಕ್ಕೆ ಸಾವಿರಾರು ಬಾರಿ ತಟ್ಟಿ ತಟ್ಟಿ ಕೊಡುವುದು ಅದೇ. ಇನ್ವರ್ಟರ್ ಹವಾನಿಯಂತ್ರಕದ ಮೋಟಾರು ಸದ್ದಿಲ್ಲದೆ ನಿಧಾನವಾಗುವುದು ಅದರಿಂದಲೇ. ಮದುವೆಯ ಮಂಟಪದಲ್ಲಿ ಮಿಂಚುವ ಕ್ಯಾಮೆರಾದ ಫ್ಲಾಷ್ ದೀಪಗಳಲ್ಲಿಯೂ, ಪೆಟ್ರೋಲ್ ಕಾರುಗಳ ಕಿಡಿಯ ವ್ಯವಸ್ಥೆಯಲ್ಲಿಯೂ ಅದರ ಬಳಕೆ ಉಂಟು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ೨,೦೫೦ ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನವಿದೆ. ಬಿಸಿಲಿನಿಂದ ಹುಟ್ಟುವ ವಿದ್ಯುತ್ತು ಏಕಮುಖವಾದುದು. ಮನೆಯ ತಂತಿಗೆ ಬೇಕಾದುದು ಪರ್ಯಾಯ ವಿದ್ಯುತ್ತು. ಇಂತಹ ಸೌರ ಸ್ಥಾವರಗಳಲ್ಲಿ ಒಂದನ್ನು ಮತ್ತೊಂದಾಗಿ ಮಾರ್ಪಡಿಸುವ ಇನ್ವರ್ಟರುಗಳ ಹೃದಯಸ್ಥಾನದಲ್ಲಿ ಐಜಿಬಿಟಿ ಜಾತಿಯ ಬಿಲ್ಲೆಗಳಿವೆ.

ಬೆಳಕಿನ ಮಾತಿಗೇ ಮರಳುವುದಾದರೆ, ೨೦೧೫ರಲ್ಲಿ ಆರಂಭವಾದ ಉಜಾಲಾ ಯೋಜನೆಯ ಮೂಲಕ ದೇಶದಲ್ಲಿ ೩೬ ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳು ಮನೆಮನೆಗೆ ತಲುಪಿದವು. ಅರುವತ್ತು ವ್ಯಾಟಿನ ಹಳೆಯ ಬಲ್ಬು ಕೊಡುತ್ತಿದ್ದ ಬೆಳಕನ್ನು ಒಂಬತ್ತು ವ್ಯಾಟಿನ ಎಲ್‌ಇಡಿ ಕೊಡುತ್ತದೆ. ದೀಪದಲ್ಲಿ ಉಳಿತಾಯವಾಯಿತೆಂದು ಮೋಟಾರಿನಲ್ಲಿ ಪೋಲು ಮಾಡಿದರೆ ಫಲವೇನು? ಹೊಲೊನ್ಯಾಕ್ ಮತ್ತು ಜಪಾನಿನ ಮೂವರು ಒಂದು ಸೋರಿಕೆಯನ್ನು ಕಟ್ಟಿದರು. ಬಾಳಿಗಾ ಅವರು ಅದಕ್ಕಿಂತ ದೊಡ್ಡದಾದ ಇನ್ನೊಂದನ್ನು ಕಟ್ಟಿದರು. ಮೂವತ್ತು ವರ್ಷಗಳಲ್ಲಿ ಈ ಸಾಧನದಿಂದ ೮೨ ಶತಕೋಟಿ ಟನ್ನಿಗೂ ಮಿಕ್ಕ ಇಂಗಾಲದ ಡೈಆಕ್ಸೈಡು ವಾತಾವರಣವನ್ನು ಸೇರುವುದು ತಪ್ಪಿದೆ ಎಂಬ ಅಂದಾಜು ೨೦೨೪ರಲ್ಲಿ ಅವರಿಗೆ ಫಿನ್ಲೆಂಡ್ ದೇಶದ ಮಿಲೆನಿಯಂ ತಂತ್ರಜ್ಞಾನ ಪ್ರಶಸ್ತಿಯು ಘೋಷಣೆಯಾದಾಗ ಪ್ರಕಟವಾಯಿತು. ಆ ಪ್ರಶಸ್ತಿಯ ಮೊತ್ತ ಹತ್ತು ಲಕ್ಷ ಯೂರೋ. ಅದಕ್ಕೆ ಮೊದಲೇ ೨೦೧೧ರಲ್ಲಿ ಅಮೆರಿಕದ ಅಧ್ಯಕ್ಷ ಒಬಾಮಾ ಅವರ ಕೈಯಿಂದ ರಾಷ್ಟ್ರೀಯ ತಂತ್ರಜ್ಞಾನ ಪದಕವೂ, ೨೦೧೪ರಲ್ಲಿ ಐಇಇಇ ಸಂಸ್ಥೆಯ ಅತ್ಯುನ್ನತ ಗೌರವ ಪದಕವೂ ಅವರಿಗೆ ಸಂದಿದ್ದವು. ಗ್ರೀನ್ ಕಾರ್ಡ್ ಇಲ್ಲವೆಂಬ ಕಾರಣಕ್ಕೆ ಸಂದರ್ಶನದ ಕರೆಯೂ ಬಾರದ ಯುವಕನಿಗೆ ಅದೇ ದೇಶದ ಅಧ್ಯಕ್ಷರು ಪದಕವನ್ನು ತೊಡಿಸಿದರು.

ಈ ವೃತ್ತಾಂತವನ್ನು ಇಷ್ಟು ವಿವರವಾಗಿ ಬರೆದುದಕ್ಕೆ ಒಂದು ಉದ್ದೇಶವುಂಟು. ಪ್ರತಿವರ್ಷ ಪರೀಕ್ಷೆಗಳ ಫಲಿತಾಂಶ ಬಂದು ಸೀಟು ಹಂಚಿಕೆ ನಡೆಯುವ ದಿನಗಳಲ್ಲಿ ನಮ್ಮ ಬಡಾವಣೆಗಳ ಎಷ್ಟೋ ಮನೆಗಳಲ್ಲಿ ಸೂತಕದ ಮೌನವಿರುತ್ತದೆ. ಮಗಳು ಬಯಸಿದ ಕಂಪ್ಯೂಟರ್ ವಿಭಾಗ ದೊರೆಯಲಿಲ್ಲ, ಎಲೆಕ್ಟ್ರಿಕಲ್ ದೊರೆಯಿತು. ಮಗನಿಗೆ ವೀಸಾ ಸಿಗಲಿಲ್ಲ. ನೆಂಟರಿಗೆ ಏನೆಂದು ಹೇಳುವುದು ಎಂಬ ಚಿಂತೆ. ಮಕ್ಕಳ ಮುಖವನ್ನು ನೋಡುವುದಕ್ಕಿಂತ ನೆಂಟರ ಮುಖವನ್ನು ನೆನೆಯುವುದೇ ಹೆಚ್ಚಾಗಿರುತ್ತದೆ. ಮುಚ್ಚಿದ ಬಾಗಿಲುಗಳೆಲ್ಲ ಒಳಿತಿಗೇ ಎಂದು ಹೇಳುವುದು ನೋವುಂಡವರಿಗೆ ಮಾಡುವ ಅಪಚಾರ. ಬಾಗಿಲು ಮುಚ್ಚಿದುದರಿಂದ ಹಾದಿ ತಪ್ಪಿಹೋದ ಪ್ರತಿಭೆಗಳು ಎಷ್ಟೆಂದು ಲೆಕ್ಕವಿಟ್ಟವರಾರು? ೧೯೬೨ರಲ್ಲಿಯೇ ಅರೆವಾಹಕಗಳನ್ನು ತಯಾರಿಸಿದ ಈ ಊರಿನ ಬಾಲಕನಿಗೆ ತನ್ನ ವಿದ್ಯೆಯನ್ನು ಫಲಕ್ಕೆ ತರಲು ಸ್ಕೆನೆಕ್ಟಡಿಯ ಪ್ರಯೋಗಾಲಯವೇ ಬೇಕಾಯಿತೆಂಬುದನ್ನೂ ನಾವು ಮರೆಯಲಾಗದು.

ಆದರೂ ಬಾಳಿಗಾ ಅವರ ನಡೆಯಲ್ಲಿ ನಾವು ಕಲಿಯಬಹುದಾದ ಎರಡು ಸಂಗತಿಗಳು ಸ್ಪಷ್ಟವಾಗಿವೆ. ಬಯಸದೆ ಬಂದ ಕೆಲಸವನ್ನು ಅವರು ಕೀಳೆಂದು ಕಾಣಲಿಲ್ಲ. ಎಲ್ಲವೂ ಮುಗಿದಿದೆಯೆಂದು ಹಿರಿಯರು ಕೈಬಿಟ್ಟ ಕ್ಷೇತ್ರದಲ್ಲಿ ಇನ್ನೂ ಏನು ಉಳಿದಿದೆಯೆಂದು ಹುಡುಕಿದರು. ಹಿಂದೆ ಕಲಿತ ಹರಳಿನ ವಿದ್ಯೆಯನ್ನು ಅವರು ಬಿಸಾಡಲಿಲ್ಲ. ಹೊಸ ಕೆಲಸಕ್ಕೆ ಅದನ್ನೇ ಬುತ್ತಿಯಾಗಿ ಕಟ್ಟಿಕೊಂಡು ಹೋದರು. ಮಕ್ಕಳಿಗೆ ಯಾವ ವಿಭಾಗ ದೊರೆಯಿತೆಂಬುದಕ್ಕಿಂತ ಈ ಎರಡು ಗುಣಗಳು ಅವರಲ್ಲಿ ಬೆಳೆದಿವೆಯೇ ಎಂಬುದನ್ನು ತಂದೆತಾಯಿಗಳು ನೋಡುವುದು ಲೇಸು.

೨೦೧೭ರ ಜೂನ್ ತಿಂಗಳಿನಿಂದ ಮಲ್ಲೇಶ್ವರದ ಸಂಪಿಗೆ ರಸ್ತೆಯಿಂದ ಬಸವನಗುಡಿಯ ನ್ಯಾಷನಲ್ ಕಾಲೇಜಿನವರೆಗೆ ಹಳೆಯ ಪೇಟೆಯ ನೆಲದಡಿಯಲ್ಲಿ ಮೆಟ್ರೋ ರೈಲು ಓಡುತ್ತಿದೆ. ಗಾಡಿಯು ನಿಲ್ದಾಣದಿಂದ ಹೊರಡುವಾಗ ಸ್ವರವು ಮೆಟ್ಟಿಲುಮೆಟ್ಟಿ ಏರಿದಂತೆ ಒಂದು ಸಣ್ಣ ಗುಂಜಾರವ ಕೇಳಿಬರುತ್ತದೆ. ಮೋಟಾರಿಗೆ ವಿದ್ಯುತ್ತನ್ನು ಅಳೆದು ಅಳೆದು ಕೊಡುತ್ತಿರುವ ತೂಬುಗಳ ಸದ್ದು ಅದು. ಜೊತೆಯಲ್ಲಿ ಮೊಮ್ಮಕ್ಕಳಿದ್ದರೆ, ಆ ಸದ್ದು ಏನೆಂದು ಅವರು ಕೇಳಿದರೆ, ಜಾಲಹಳ್ಳಿಯಲ್ಲಿ ಬೆಳೆದ ಹುಡುಗರೊಬ್ಬರ ಕಥೆಯನ್ನು ಹೇಳಿರಿ.